ಒಬ್ಬರೇ ಆ್ಯಪ್ ಮಾಡುವವರು ಯಾರನ್ನು ಫಾಲೋ ಮಾಡಬೇಕು? ಹುಡುಕುವ ದಾರಿ, ಪರೀಕ್ಷಿಸುವ ಬಗೆ

ಒಬ್ಬರೇ ಕೂತು ಆ್ಯಪ್ ಮಾಡುವವರಿಗೆ ಪಕ್ಕದ ಮೇಜಿನ ಸಹೋದ್ಯೋಗಿ ಇರುವುದಿಲ್ಲ. ಕೋಡ್ ಯಾಕೆ ಕೈಕೊಟ್ಟಿತು, ಬೆಲೆ ಎಷ್ಟಿಡಬೇಕು, ಸ್ಟೋರ್‌ನವರು ಆ್ಯಪನ್ನು ಯಾಕೆ ತಿರಸ್ಕರಿಸಿದರು ಎಂದು ಕೇಳಲು ಹತ್ತಿರ ಯಾರೂ ಇಲ್ಲ. ಆ ಖಾಲಿ ಜಾಗವನ್ನು ಚಾನೆಲ್, ಪಾಡ್‌ಕಾಸ್ಟ್, ನ್ಯೂಸ್‌ಲೆಟರ್ ನಡೆಸುವವರು ತುಂಬುತ್ತಾರೆ. ಇವರಲ್ಲಿ ಎರಡು ಬಗೆಯವರಿದ್ದಾರೆ: ಆ್ಯಪ್ ಮಾರಿ ಬದುಕುವವರು ಮತ್ತು ಆ್ಯಪ್ ಮಾಡುವುದನ್ನು ಕಲಿಸಿ ಬದುಕುವವರು. ಕೋಡ್ ಕಲಿಯಲು ಎರಡನೆಯವರು ಬೇಕೇ ಬೇಕು. ಬೆಲೆ, ಬಿಡುಗಡೆ, ಮಾರಾಟದ ಮಾತಿಗೆ ಮಾತ್ರ ಮೊದಲನೆಯವರನ್ನೇ ಹುಡುಕಿ.

ಮೊದಲು ಪ್ರಶ್ನೆ, ಆಮೇಲೆ ಹುಡುಕಾಟ

ಯೂಟ್ಯೂಬ್ ತೆರೆಯುವ ಮೊದಲು ಅರ್ಧ ಗಂಟೆ ಕೂತು, ಮುಂದಿನ ಮೂರು ತಿಂಗಳಲ್ಲಿ ನಿಮಗೆ ಉತ್ತರ ಬೇಕಾದ ಐದು ಪ್ರಶ್ನೆ ಬರೆಯಿರಿ. ‘ಮಾರ್ಕೆಟಿಂಗ್ ಕಲಿಯಬೇಕು’ ಎಂಬುದು ಪ್ರಶ್ನೆಯಲ್ಲ. ‘ಆ್ಯಪ್ ಇನ್‌ಸ್ಟಾಲ್ ಮಾಡಿದವರು ಮೂರನೇ ದಿನ ಯಾಕೆ ತೆಗೆದುಹಾಕುತ್ತಾರೆ?’ ‘ವರ್ಷದ ಚಂದಾ ಇಡಲೇ, ಒಂದೇ ಸಲದ ಬೆಲೆ ಇಡಲೇ?’ ಇವು ಪ್ರಶ್ನೆಗಳು. ಒಂದೊಂದು ಪ್ರಶ್ನೆಗೆ ಇಬ್ಬರು ಸಾಕು. ಹತ್ತಕ್ಕಿಂತ ಹೆಚ್ಚು ಜನರನ್ನು ಒಟ್ಟಿಗೆ ಫಾಲೋ ಮಾಡಿದರೆ ನೋಡುವುದೇ ಕೆಲಸವಾಗಿ, ಮಾಡುವ ಕೆಲಸ ನಿಂತುಹೋಗುತ್ತದೆ.

ಎಲ್ಲಿಂದ ಶುರು ಮಾಡಬೇಕು

ಸರ್ಚ್ ಪಟ್ಟಿಯಲ್ಲಿ ಮೇಲೆ ಬರುವ ವಿಡಿಯೊಗಳಿಂದ ಶುರು ಮಾಡಬೇಡಿ. ಬಲ್ಲವರು ಆರಿಸಿಕೊಟ್ಟ ಪಟ್ಟಿಗಳು ಈಗಾಗಲೇ ಇವೆ.

ಐಫೋನ್ ಆ್ಯಪ್ ಮಾಡುವವರಿಗೆ ಡೇವ್ ವರ್ವರ್ 2011ರಿಂದ ನಡೆಸಿಕೊಂಡು ಬಂದ ‘ಐಒಎಸ್ ಡೆವ್ ವೀಕ್ಲಿ’ ಎಂಬ ನ್ಯೂಸ್‌ಲೆಟರ್ ಒಳ್ಳೆಯ ಬಾಗಿಲು. ಅವರದೇ ‘ಐಒಎಸ್ ಡೆವ್ ಡೈರೆಕ್ಟರಿ’ಯಲ್ಲಿ ಬರಹಗಾರರು, ಪಾಡ್‌ಕಾಸ್ಟ್‌ಗಳು, ಚಾನೆಲ್‌ಗಳೆಲ್ಲ ವಿಂಗಡಿಸಿ ಸಿಗುತ್ತವೆ. ಆಂಡ್ರಾಯ್ಡ್‌ಗೆ ‘ಆಂಡ್ರಾಯ್ಡ್ ವೀಕ್ಲಿ’ ಇದೆ. ನಾಲ್ಕು ವಾರದ ಸಂಚಿಕೆ ತೆರೆದು, ಯಾರ ಹೆಸರು ಎರಡು ಮೂರು ಸಲ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಗೂಗಲ್‌ನ ‘ಡೆವಲಪರ್ ಎಕ್ಸ್‌ಪರ್ಟ್ಸ್’ ಪಟ್ಟಿಯಲ್ಲಿ ದೇಶ ಮತ್ತು ವಿಷಯ ಆರಿಸಿ ಹುಡುಕಬಹುದು. ಭಾರತದವರನ್ನು ಕಂಡುಹಿಡಿಯಲು ಇದು ಸುಲಭದ ದಾರಿ. ಬೆಂಗಳೂರಿನಲ್ಲಿ ನಡೆದ ಡ್ರಾಯ್ಡ್‌ಕಾನ್‌ನಂಥ ಆಂಡ್ರಾಯ್ಡ್ ಡೆವಲಪರ್ ಸಮಾವೇಶಗಳ ಭಾಷಣಗಳನ್ನೂ ಹುಡುಕಿ. ವೇದಿಕೆ ಮೇಲೆ ನಿಂತು ಮಾತಾಡಿದವರು ಎದುರಿಗೆ ಕೂತವರ ಪ್ರಶ್ನೆಗೂ ಉತ್ತರಿಸಬೇಕಾಗಿರುತ್ತದೆ. ಹಾಗಾಗಿ ಅಲ್ಲಿ ಬರಿಮಾತು ಕಡಿಮೆ.

ಕೋಡ್ ಕಲಿಸುವವರಲ್ಲಿ ಐಫೋನ್ ಆ್ಯಪಿನ ಭಾಷೆ ಸ್ವಿಫ್ಟ್‌ಗೆ ಪಾಲ್ ಹಡ್ಸನ್ (ಅವರ ‘100 ಡೇಸ್ ಆಫ್ ಸ್ವಿಫ್ಟ್‌ಯುಐ’ ಪೂರ್ತಿ ಉಚಿತ), ಆಂಡ್ರಾಯ್ಡ್‌ನ ಕೋಟ್ಲಿನ್ ಮತ್ತು ಕಂಪೋಸ್‌ಗೆ ಫಿಲಿಪ್ ಲಾಕ್ನರ್, ಒಂದೇ ಕೋಡ್‌ನಿಂದ ಎರಡೂ ಕಡೆಗೆ ಆ್ಯಪ್ ಮಾಡುವ ಫ್ಲಟರ್‌ಗೆ ‘ಕೋಡ್ ವಿತ್ ಆಂಡ್ರಿಯಾ’ ನಡೆಸುವ ಆಂಡ್ರಿಯಾ ಬಿಜೋಟೊ ಇವರಿಂದ ಶುರು ಮಾಡಬಹುದು. ಆ್ಯಪ್ ಮಾರಿ ಬದುಕುವವರ ಮಾತು ಕೇಳಲು ‘ಅಂಡರ್ ದಿ ರೇಡಾರ್’ ಪಾಡ್‌ಕಾಸ್ಟ್ ಸೊಗಸಾಗಿದೆ. ಪಾಡ್‌ಕಾಸ್ಟ್ ಕೇಳುವ ಓವರ್‌ಕಾಸ್ಟ್ ಆ್ಯಪಿನ ಮಾರ್ಕೊ ಆರ್ಮೆಂಟ್, ಹೋಮ್ ಸ್ಕ್ರೀನ್‌ಗೆ ವಿಜೆಟ್ ಮಾಡಿಕೊಡುವ ವಿಜೆಟ್‌ಸ್ಮಿತ್ ಆ್ಯಪಿನ ಡೇವಿಡ್ ಸ್ಮಿತ್ ಇಬ್ಬರೇ ಮಾತಾಡುತ್ತಾರೆ. ಒಂದು ಕಂತು ಅರ್ಧ ಗಂಟೆ ದಾಟುವುದಿಲ್ಲ. ವಿಜೆಟ್‌ಸ್ಮಿತ್ 2020ರ ಸೆಪ್ಟೆಂಬರ್‌ನಲ್ಲಿ ಐಒಎಸ್ 14ರ ಜೊತೆ ದಿಢೀರನೆ ಮನೆಮಾತಾಯಿತು. ಅದಕ್ಕೆ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಮಿತ್ ಡಜನ್‌ಗಟ್ಟಲೆ ಆ್ಯಪ್ ಮಾಡಿದ್ದರು. ಆ ವರ್ಷಗಳ ಕಂತುಗಳು ಇನ್ನೂ ಕೇಳಲು ಸಿಗುತ್ತವೆ. ಗೆದ್ದ ಮೇಲೆ ಹೇಳುವ ಕಥೆಗಿಂತ, ಗೆಲುವು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಆಡಿದ ಮಾತಿನಿಂದ ಕಲಿಯುವುದು ಹೆಚ್ಚು.

ಇನ್ನೊಂದು ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. ನೀವೇ ದಿನಾ ಬಳಸುವ ಸಣ್ಣ ಆ್ಯಪ್‌ಗಳ ಸ್ಟೋರ್ ಪುಟಕ್ಕೆ ಹೋಗಿ, ಡೆವಲಪರ್ ಹೆಸರು ಒತ್ತಿ, ಅವರ ವೆಬ್‌ಸೈಟ್ ತೆರೆಯಿರಿ. ಒಬ್ಬರೇ ನಡೆಸುವ ಆ್ಯಪ್ ಆಗಿದ್ದರೆ ಅವರು ಎಲ್ಲೋ ಒಂದು ಕಡೆ ಬರೆಯುತ್ತಿರುವ ಸಾಧ್ಯತೆ ಇರುತ್ತದೆ. ಅವರಿಗೆ ಸಾವಿರ ಫಾಲೋವರ್‌ಗಳೂ ಇರಲಿಕ್ಕಿಲ್ಲ. ಪರವಾಗಿಲ್ಲ, ಪಟ್ಟಿಗೆ ಸೇರಿಸಿ.

ಇಪ್ಪತ್ತು ನಿಮಿಷದ ಪರೀಕ್ಷೆ

ಫಾಲೋ ಒತ್ತುವ ಮೊದಲು ಪ್ರತಿಯೊಬ್ಬರಿಗೂ ಇಪ್ಪತ್ತು ನಿಮಿಷ ಕೊಡಿ.

ಮೊದಲ ಐದು ನಿಮಿಷ ಅವರ ಆ್ಯಪಿಗೆ. ಆ್ಯಪ್ ಸ್ಟೋರ್‌ನಲ್ಲಿ ಹಿಂದಿನ ಆವೃತ್ತಿಗಳ ಪಟ್ಟಿಯೇ ಕಾಣುತ್ತದೆ. ಪ್ಲೇ ಸ್ಟೋರ್‌ನಲ್ಲಿ ಆ್ಯಪಿನ ವಿವರ ತೆರೆದರೆ ಬಿಡುಗಡೆಯಾದ ದಿನ, ಕೊನೆಯ ಅಪ್‌ಡೇಟ್ ದಿನ ಎರಡೂ ಸಿಗುತ್ತವೆ. ಎರಡು ವರ್ಷದಿಂದ ಅಪ್‌ಡೇಟ್ ಕಾಣದ ಆ್ಯಪ್ ಇಟ್ಟುಕೊಂಡು ‘ಬಳಕೆದಾರರನ್ನು ಉಳಿಸಿಕೊಳ್ಳುವುದು ಹೇಗೆ’ ಎಂದು ಹೇಳುವವರನ್ನು ಬಿಟ್ಟುಬಿಡಿ. ಪ್ಲೇ ಸ್ಟೋರ್ ಪ್ರತಿ ವರ್ಷ ಹೊಸ ಆಂಡ್ರಾಯ್ಡ್ ಆವೃತ್ತಿಗೆ ಆ್ಯಪ್ ಹೊಂದಿಸಬೇಕೆಂದು ಕೇಳುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು, ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ಹೊಂದಿರಬೇಕು. ಆ್ಯಪನ್ನು ನಿಜವಾಗಿ ನಡೆಸುತ್ತಿರುವವರಿಗೆ ಈ ಗಡುವುಗಳ ಬಿಸಿ ತಟ್ಟಿರುತ್ತದೆ, ಅವರ ಮಾತಿನಲ್ಲಿ ಅದು ಬಂದೇ ಬರುತ್ತದೆ.

ಮುಂದಿನ ಹತ್ತು ನಿಮಿಷ ಕೋಡ್‌ಗೆ. ಪಾಠ ಹಳತಾಗಿದ್ದರೆ ಕೆಲವು ಗುರುತುಗಳಿಂದಲೇ ತಿಳಿಯುತ್ತದೆ. ಸ್ವಿಫ್ಟ್‌ಯುಐನಲ್ಲಿ ಪರದೆಯಿಂದ ಪರದೆಗೆ ಹೋಗಲು ‘ನ್ಯಾವಿಗೇಶನ್‌ವ್ಯೂ’ ಬಳಸಿದ್ದರೆ ಅದು 2022ಕ್ಕಿಂತ ಹಿಂದಿನ ಪದ್ಧತಿ. ಆಗಿನಿಂದ ‘ನ್ಯಾವಿಗೇಶನ್‌ಸ್ಟ್ಯಾಕ್’ ಬಂದಿದೆ. ಆಂಡ್ರಾಯ್ಡ್ ಪಾಠದಲ್ಲಿ ಹಿನ್ನೆಲೆ ಕೆಲಸಕ್ಕೆ ‘ಎಸಿಂಕ್‌ಟಾಸ್ಕ್’ ಬಳಸಿದ್ದು ಕಂಡರೆ ಮುಚ್ಚಿಬಿಡಿ, ಆಂಡ್ರಾಯ್ಡ್ 11ರಲ್ಲೇ ಅದನ್ನು ಬಳಸಬೇಡಿ ಎಂದು ಗೂಗಲ್ ಹೇಳಿಯಾಗಿದೆ. ಫ್ಲಟರ್‌ನಲ್ಲಿ ನಲ್ ಸೇಫ್ಟಿ (ಖಾಲಿ ಮೌಲ್ಯದಿಂದ ಆಗುವ ತಪ್ಪನ್ನು ತಡೆಯುವ ವ್ಯವಸ್ಥೆ) ಇಲ್ಲದ ಕೋಡ್, 2023ರ ಮೇ ತಿಂಗಳಲ್ಲಿ ಬಂದ ಡಾರ್ಟ್ 3ರಲ್ಲಿ (ಡಾರ್ಟ್ ಎಂದರೆ ಫ್ಲಟರ್‌ನ ಭಾಷೆ) ಓಡುವುದೇ ಇಲ್ಲ. ಹಳೆಯ ವಿಡಿಯೊ ಇದ್ದ ಮಾತ್ರಕ್ಕೆ ಕಲಿಸುವವರನ್ನು ತಳ್ಳಿಹಾಕಬೇಡಿ. ಅದರ ಕೆಳಗೆ ‘ಇದು ಹಳತು, ಹೊಸದು ಇಲ್ಲಿದೆ’ ಎಂದು ಬರೆದಿದ್ದರೆ ಅಂಥವರು ಚಿನ್ನ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಕೋಡ್ ಇಟ್ಟಿದ್ದರೆ ಇಳಿಸಿಕೊಂಡು ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ ನೋಡಿ. ಆಗದಿದ್ದರೆ ಇಶ್ಯೂ ವಿಭಾಗದಲ್ಲಿ ಅದೇ ದೂರು ಬಂದಿದೆಯೇ, ಉತ್ತರ ಸಿಕ್ಕಿದೆಯೇ ಎಂದು ಹುಡುಕಿ.

ಉಳಿದ ಐದು ನಿಮಿಷದಲ್ಲಿ, ಅವರು ಸೋತದ್ದನ್ನು ಹೇಳಿದ್ದಾರೆಯೇ ಮತ್ತು ಜಾಹೀರಾತನ್ನು ಜಾಹೀರಾತೆಂದು ಹೇಳುತ್ತಾರೆಯೇ ನೋಡಿ. ಭಾರತದಲ್ಲಿ ಜಾಹೀರಾತು ಗುಣಮಟ್ಟ ಮಂಡಳಿಯ (ಎಎಸ್‌ಸಿಐ) 2021ರ ಮಾರ್ಗಸೂಚಿ ಪ್ರಕಾರ ಹಣ ಪಡೆದು ಮಾಡಿದ ಪೋಸ್ಟ್‌ಗೆ ಎದ್ದುಕಾಣುವ ಗುರುತು ಇರಬೇಕು. ‘ಇದೇ ಅತ್ಯುತ್ತಮ ಟೂಲ್’ ಎಂಬ ವಿಡಿಯೊದ ಕೆಳಗಿನ ಲಿಂಕ್‌ಗಳೆಲ್ಲ ರೆಫರಲ್ (ನೀವು ಕೊಂಡರೆ ಅವರಿಗೆ ಕಮಿಷನ್ ಸಿಗುವಂಥವು) ಆಗಿದ್ದು ಗುರುತು ಮಾತ್ರ ಇಲ್ಲದಿದ್ದರೆ, ಟೂಲ್ ಕುರಿತ ಅವರ ಅಭಿಪ್ರಾಯವನ್ನು ಲೆಕ್ಕಕ್ಕಿಡಬೇಡಿ.

ಗಳಿಕೆಯ ಸ್ಕ್ರೀನ್‌ಶಾಟ್ ಓದುವುದು

ಹೊಸಬರು ಹೆಚ್ಚು ಎಡವುವುದು ಇಲ್ಲೇ. ‘ಈ ತಿಂಗಳು 10,000 ಡಾಲರ್’ ಎಂಬ ಚಿತ್ರ ಕಂಡಾಗ ಮೂರು ಪ್ರಶ್ನೆ ಕೇಳಿ. ಇದು ಒಟ್ಟು ಮಾರಾಟವೇ, ಕೈಗೆ ಬಂದ ಹಣವೇ? ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಗಳಿಸುವ ಸಣ್ಣ ಡೆವಲಪರ್‌ಗಳಿಂದ ಆ್ಯಪಲ್ ತನ್ನ ಸಣ್ಣ ಉದ್ಯಮ ಯೋಜನೆಯಡಿ 2021ರಿಂದ ಶೇ. 15 ಪಾಲು ಹಿಡಿಯುತ್ತದೆ. ಅಲ್ಲಿಗೆ ಉಳಿದದ್ದು 8,500. ಜಾಹೀರಾತಿಗೆ ಎಷ್ಟು ಸುರಿದರು? ಅದು 6,000 ಆಗಿದ್ದರೆ ಕೈಯಲ್ಲಿರುವುದು 2,500 ಮಾತ್ರ. ಮೂರನೆಯದು, ಇದು ಆ್ಯಪಿನ ಗಳಿಕೆಯೇ, ಕೋರ್ಸಿನದೇ? ಖರ್ಚಿನ ಅಂಕಿ ಎಂದೂ ಹೇಳದವರ ಆದಾಯದ ಅಂಕಿಯಿಂದ ನಿಮಗೆ ಯಾವ ಉಪಯೋಗವೂ ಇಲ್ಲ.

ಟೂಲ್ ಮಾರುವ ಕಂಪನಿಗಳು ಹೊರತರುವ ಪಾಡ್‌ಕಾಸ್ಟ್, ವರದಿಗಳೂ ಉಪಯುಕ್ತವೇ. ಚಂದಾ ವ್ಯವಸ್ಥೆಯ ಟೂಲ್ ಮಾಡುವ ರೆವಿನ್ಯೂಕ್ಯಾಟ್‌ನ ‘ಸಬ್ ಕ್ಲಬ್’ ಪಾಡ್‌ಕಾಸ್ಟ್, ಅದರ ವಾರ್ಷಿಕ ವರದಿ ಎರಡರಲ್ಲೂ ಸಾಕಷ್ಟು ಹೂರಣವಿದೆ. ಅಲ್ಲಿ ಚಂದಾ ಪದ್ಧತಿಯ ಮಾತೇ ಹೆಚ್ಚಿರುವುದು ಸಹಜ ಎಂಬುದು ನೆನಪಿರಲಿ. ಒಬ್ಬರೇ ಹಲವು ವೆಬ್‌ಸೈಟ್ ನಡೆಸುವ ಪೀಟರ್ ಲೆವೆಲ್ಸ್‌ರಂಥವರು ತಮ್ಮ ಅಂಕಿಗಳನ್ನು ತೆರೆದಿಡುತ್ತಾರೆ, ಅವರಿಂದ ವೇಗವಾಗಿ ಬಿಡುಗಡೆ ಮಾಡುವುದನ್ನು ಕಲಿಯಬಹುದು. ಆದರೆ ಅವರ ಕೆಲಸ ಬಹುಪಾಲು ವೆಬ್‌ನಲ್ಲಿ. ಸ್ಟೋರ್ ಕಮಿಷನ್ನಾಗಲಿ ರಿವ್ಯೂ ಕಾಯುವುದಾಗಲಿ ಅಲ್ಲಿಲ್ಲ.

ನಮ್ಮ ನೆಲಕ್ಕೆ ಹೊಂದುತ್ತದೆಯೇ

ಅಮೆರಿಕ, ಯುರೋಪಿನವರ ಸಲಹೆ ಇಲ್ಲಿ ಎಲ್ಲಿ ಮುರಿಯುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ‘ವಾರದ ಚಂದಾ ಇಡಿ, ತಾನಾಗಿ ಹಣ ಬರುತ್ತದೆ’ ಎಂದು ಅವರು ಹೇಳುವಾಗ ಗ್ರಾಹಕರ ಕಾರ್ಡಿನಿಂದ ಸದ್ದಿಲ್ಲದೆ ಹಣ ಕಡಿತವಾಗುವ ದೇಶವೇ ಅವರ ಕಣ್ಣ ಮುಂದಿರುತ್ತದೆ. ಇಲ್ಲಿ ಇಂಥ ಕಡಿತಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಮೊದಲ ಸಲ ಗ್ರಾಹಕರು ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಕೊಡಬೇಕು, ಪ್ರತಿ ಕಡಿತಕ್ಕೂ ಮುನ್ನ ಅವರಿಗೆ ಸೂಚನೆ ಹೋಗಬೇಕು. ಆ್ಯಪಲ್ 2022ರಲ್ಲಿ ಇಲ್ಲಿ ಆ್ಯಪ್ ಸ್ಟೋರ್ ಖರೀದಿಗೆ ಕಾರ್ಡ್ ಪಾವತಿಯನ್ನೇ ನಿಲ್ಲಿಸಿತು. ನಿಮ್ಮ ಗ್ರಾಹಕರು ಹುಬ್ಬಳ್ಳಿ, ಮೈಸೂರಿನವರಾಗಿದ್ದರೆ ಯುಪಿಐ ಆಟೊಪೇ ಬಗ್ಗೆ, ಒಂದೇ ಸಲದ ಬೆಲೆಯ ಬಗ್ಗೆ ಮಾತಾಡುವ ಭಾರತೀಯ ಡೆವಲಪರ್‌ಗಳು ಪಟ್ಟಿಯಲ್ಲಿ ಇಬ್ಬರಾದರೂ ಇರಲಿ. ಗ್ರಾಹಕರು ಅಮೆರಿಕದವರಾದರೆ ಅಲ್ಲಿನ ಸಲಹೆ ಬಹುಮಟ್ಟಿಗೆ ಹಾಗೇ ನಡೆಯುತ್ತದೆ.

ಪ್ಲೇ ಸ್ಟೋರ್ ಬಿಡುಗಡೆಯಲ್ಲಿ ಇನ್ನೊಂದು ತೊಡಕು ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯವರು ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕ್ಲೋಸ್ಡ್ ಟೆಸ್ಟ್ (ಆಯ್ದ ಕೆಲವರಿಗಷ್ಟೇ ಆ್ಯಪ್ ಕೊಟ್ಟು ಮಾಡುವ ಪರೀಕ್ಷೆ) ನಡೆಸಲೇಬೇಕು. ಮೊದಲು 20 ಪರೀಕ್ಷಕರು ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದು 12ಕ್ಕೆ ಇಳಿಯಿತು. ಆ ಪರೀಕ್ಷಕರು ಸತತ 14 ದಿನ ಟೆಸ್ಟ್‌ಗೆ ಸೇರಿಕೊಂಡೇ ಇರಬೇಕು. ಹೆಸರುವಾಸಿ ಕ್ರಿಯೇಟರ್‌ಗಳ ಖಾತೆಗಳು ಹಳೆಯವಾದರೆ ಈ ನಿಯಮ ಅವರಿಗೆ ತಗಲುವುದಿಲ್ಲ. ‘ಒಂದೇ ದಿನದಲ್ಲಿ ಬಿಡುಗಡೆ’ ಎಂಬ ವಿಡಿಯೊಗಳಲ್ಲಿ ಇದರ ಸುದ್ದಿಯೇ ಇಲ್ಲದಿರಲು ಅದೂ ಒಂದು ಕಾರಣ. ಬಿಡುಗಡೆಯ ವಿಷಯಕ್ಕೆ ಮಾತ್ರ, ಕಳೆದ ಒಂದು ವರ್ಷದೊಳಗೆ ಹೊಸ ಖಾತೆಯಿಂದ ಮೊದಲ ಆ್ಯಪ್ ಬಿಟ್ಟ ಚಿಕ್ಕ ಕ್ರಿಯೇಟರ್ ಒಬ್ಬರನ್ನು ಹುಡುಕಿಕೊಳ್ಳಿ.

ಪಟ್ಟಿ ನೋಡಿಕೊಳ್ಳುವುದು

ಆಯ್ದವರನ್ನು ಫೀಡ್ಲಿ ಅಥವಾ ಇನೊರೀಡರ್‌ನಂಥ ಫೀಡ್ ರೀಡರ್‌ಗೆ ಹಾಕಿ. ಯೂಟ್ಯೂಬ್ ಚಾನೆಲ್‌ನ ಲಿಂಕನ್ನೂ ಅಲ್ಲಿ ಸೇರಿಸಬಹುದು. ಹೀಗೆ ಮಾಡಿದರೆ ಹೊಸದು ಬಂದಾಗ ಅದಷ್ಟೇ ಕಾಣುತ್ತದೆ, ಪಕ್ಕದ ಹತ್ತು ವಿಡಿಯೊಗಳು ಕೈಹಿಡಿದು ಎಳೆಯುವುದಿಲ್ಲ. ವಾರಕ್ಕೆ ಎರಡು ಸಲ, ನಲವತ್ತು ನಿಮಿಷದಂತೆ ಸಮಯ ಇಡಿ. ನೋಡಿದ ಮೇಲೆ ನಿಮ್ಮ ಆ್ಯಪಿನಲ್ಲಿ ಏನನ್ನು ಬದಲಿಸುತ್ತೀರಿ ಎಂದು ಒಂದು ಸಾಲು ಬರೆಯಿರಿ. ಮೂರು ತಿಂಗಳಿಗೆ ಒಮ್ಮೆ ಆ ಸಾಲುಗಳನ್ನು ತೆರೆದು, ಯಾರ ಹೆಸರಿನ ಮುಂದೆ ಒಂದೂ ಸಾಲಿಲ್ಲವೋ ಅವರನ್ನು ತೆಗೆಯಿರಿ. ಅವರು ಎಷ್ಟೇ ಚೆನ್ನಾಗಿ ಮಾತಾಡಲಿ, ಈಗ ನಿಮಗೆ ಬೇಕಾದವರಲ್ಲ.

ಅವರಿಗೆ ಪ್ರಶ್ನೆ ಕಳಿಸುವುದಾದರೆ ಐದಾರು ಸಾಲಿನಲ್ಲಿ ಮುಗಿಸಿ: ಅವರ ಯಾವ ಕಂತನ್ನು ನೋಡಿ ಮಾಡಿದಿರಿ, ಯಾವ ಆವೃತ್ತಿಯ ಟೂಲ್, ಏನು ಆಗಬೇಕಿತ್ತು, ಏನಾಯಿತು, ಕೇಳುವ ಒಂದೇ ಪ್ರಶ್ನೆ. ‘ನನ್ನ ಆ್ಯಪ್ ನೋಡಿ ಅಭಿಪ್ರಾಯ ಹೇಳಿ ಸರ್’ ಎಂಬ ಸಂದೇಶಕ್ಕೆ ಉತ್ತರಿಸಲು ಅವರು ಅರ್ಧ ಗಂಟೆ ಕೊಡಬೇಕು. ಸರಿಯಾಗಿ ಕೇಳಿದ ಪ್ರಶ್ನೆಗೆ ಎರಡು ನಿಮಿಷ ಸಾಕು. ಉತ್ತರ ಬಂದು ಕೆಲಸವಾದರೆ, ಏನಾಯಿತೆಂದು ಅವರಿಗೆ ತಿರುಗಿ ಬರೆಯಿರಿ.