ಮೈಲ್ಸ್ ಕೊಟ್ಟು ಬಿಸಿನೆಸ್ ಕ್ಲಾಸ್: ನಾನು ಮಾಡುವ ರೀತಿ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಆನ್‌ಸೈಟ್ ಹೋಗಿ ಬಂದವರನ್ನು ಕೇಳಿ ನೋಡಿ. ಎಲ್ಲರ ಹತ್ತಿರವೂ ಒಂದಿಷ್ಟು ಮೈಲ್ಸ್, ಅಂದರೆ ವಿಮಾನದಲ್ಲಿ ಹೋದದ್ದಕ್ಕೆ ಏರ್‌ಲೈನ್‌ನವರು ಕೊಡುವ ಪಾಯಿಂಟ್ಸ್, ಇರುತ್ತವೆ. ಯಾವ ಏರ್‌ಲೈನ್‌ನಲ್ಲಿ ಎಷ್ಟು, ಯಾವಾಗ ಮುಗಿಯುತ್ತವೆ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಾನೂ ಅದೇ ಗುಂಪಿನವನು. ಆಮೇಲೆ ಇದರ ಒಳಗುಟ್ಟು ಸ್ವಲ್ಪ ಸ್ವಲ್ಪವೇ ತಿಳಿಯಿತು. ಈಗ ದೂರದ ಪ್ರಯಾಣ ಇದ್ದರೆ, ಎಕಾನಮಿ ಅಥವಾ ಪ್ರೀಮಿಯಂ ಎಕಾನಮಿ ಟಿಕೆಟ್ ಇಟ್ಟುಕೊಂಡೇ, ಒಂದು ಕಡೆಗಾದರೂ ಕಾಲು ಚಾಚಿ ಮಲಗಿಕೊಂಡು ಹೋಗುತ್ತೇನೆ.

ಮೊದಲು ಒಂದು ಭ್ರಮೆ ಬಿಡಿಸಿಬಿಡುತ್ತೇನೆ. "ಕೋಟು ಹಾಕ್ಕೊಂಡು ಹೋಗು, ಕೌಂಟರಿನಲ್ಲಿ ನಗುತ್ತಾ ಕೇಳು, ಕೊಟ್ಟೇ ಕೊಡ್ತಾರೆ" ಅನ್ನುವ ಸಲಹೆಗಾರರು ಎಲ್ಲ ಕಡೆ ಇದ್ದಾರೆ. ಎಕಾನಮಿಯಲ್ಲಿ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿದ್ದರೆ ಕೆಲವರನ್ನು ಮುಂದಿನ ಕ್ಲಾಸಿಗೆ ಕಳಿಸುವುದು ನಿಜ. ಆದರೆ ಅದು ಸಾಮಾನ್ಯವಾಗಿ ಗೋಲ್ಡ್, ಸಿಲ್ವರ್ ಸದಸ್ಯತ್ವ ಮತ್ತು ಟಿಕೆಟ್ಟಿಗೆ ಕೊಟ್ಟ ಬೆಲೆ ನೋಡಿ ಆಗುವ ತೀರ್ಮಾನ. ಅದಕ್ಕಾಗಿ ಏಪ್ರಿಲ್ ಸೆಕೆಯಲ್ಲಿ ದೇವನಹಳ್ಳಿವರೆಗೆ ಕೋಟು ಹೊತ್ತುಕೊಂಡು ಹೋಗಬೇಡಿ.

ನಾನು ನೋಡುವುದು ಟಿಕೆಟ್ ಮೇಲಿನ ಒಂದು ಅಕ್ಷರವನ್ನು. ಇ-ಟಿಕೆಟ್‌ನಲ್ಲಿ 'ಕ್ಲಾಸ್' ಅಂತ ಇರುವ ಕಡೆ ವೈ, ಬಿ, ಕ್ಯೂ, ಓ ಹೀಗೆ ಏನಾದರೊಂದು ಇರುತ್ತದೆ. ಪಕ್ಕಪಕ್ಕದ ಎರಡು ಎಕಾನಮಿ ಸೀಟಿಗೆ ಊಟ ಒಂದೇ, ಜಾಗ ಒಂದೇ, ಆದರೆ ಬೆಲೆ ಬೇರೆ ಬೇರೆ. ಆ ಬೆಲೆಯ ಗುರುತೇ ಈ ಅಕ್ಷರ. ವೈ ಅಂದರೆ ಪೂರ್ತಿ ದರದ ಎಕಾನಮಿ. ಕೆಳಗಿನ ದರದ ಅಕ್ಷರಗಳಿಗೆ ಹೋದಷ್ಟೂ ಟಿಕೆಟ್ ಅಗ್ಗ, ನಿಬಂಧನೆ ಜಾಸ್ತಿ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಕ್ಯೂ, ಓ, ಜಿ ಅಕ್ಷರದ ಎಕಾನಮಿ ಟಿಕೆಟ್ಟನ್ನು ಮೈಲ್ಸ್ ಕೊಟ್ಟು ಅಪ್‌ಗ್ರೇಡ್ ಮಾಡಲು, ಅಂದರೆ ಮೇಲಿನ ಕ್ಲಾಸಿಗೆ ಏರಿಸಲು, ಆಗುವುದಿಲ್ಲ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ 'ಲೈಟ್' ಅನ್ನುವ ಅತಿ ಅಗ್ಗದ ಟಿಕೆಟ್‌ದೂ ಅದೇ ಕಥೆ. ನಿಮ್ಮ ಖಾತೆಯಲ್ಲಿ ಮೂರು ಲಕ್ಷ ಮೈಲ್ಸ್ ಇದ್ದರೂ ಆ ಟಿಕೆಟ್ ಅಲ್ಲಾಡುವುದಿಲ್ಲ. ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನ್‌ಗಳ ಕೂಟದಲ್ಲಿ ಒಂದರ ಮೈಲ್ಸ್ ಇಟ್ಟುಕೊಂಡು ಅದೇ ಕೂಟದ ಇನ್ನೊಂದರಲ್ಲಿ ಅಪ್‌ಗ್ರೇಡ್ ಮಾಡಿಸಲು ಹೊರಟರೆ ಇನ್ನೂ ಕಷ್ಟ. ಅಲ್ಲಿ ವೈ, ಬಿ ತರಹದ ದುಬಾರಿ ಟಿಕೆಟ್ಟೇ ಬೇಕು. ಆ ದುಡ್ಡಿಗೆ ಒಮ್ಮೊಮ್ಮೆ ಬಿಸಿನೆಸ್ ಕ್ಲಾಸೇ ಆಫರ್‌ನಲ್ಲಿ ಸಿಗುತ್ತದೆ.

ಹಾಗಾಗಿ ಅಪ್‌ಗ್ರೇಡ್ ಆಗುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಟಿಕೆಟ್ ಕೊಳ್ಳುವ ದಿನವೇ ನಿಶ್ಚಯವಾಗಿಬಿಡುತ್ತದೆ.

ಇಲ್ಲಿ ಕಂಪನಿ ಟಿಕೆಟ್‌ನಲ್ಲಿ ಹೋಗುವವರಿಗೆ ಒಂದು ಅನುಕೂಲ ಇದೆ. ಕ್ಲೈಂಟ್ ಮೀಟಿಂಗಿನ ತಾರೀಖು ಯಾವಾಗ ಬೇಕಾದರೂ ಬದಲಾಗಬಹುದು. ಅದಕ್ಕೇ ನಮ್ಮ ಟ್ರಾವೆಲ್ ಡೆಸ್ಕ್‌ನವರು ತಾರೀಖು ಬದಲಿಸಬಹುದಾದ ಟಿಕೆಟ್ ತೆಗೆಯುತ್ತಾರೆ. ಅಂಥ ಟಿಕೆಟ್ಟಿನ ಅಕ್ಷರ ಸಾಮಾನ್ಯವಾಗಿ ಅಪ್‌ಗ್ರೇಡಿಗೆ ಒಗ್ಗುವಂಥದ್ದು. ನಾನು ಅವರನ್ನು ಬಿಸಿನೆಸ್ ಕ್ಲಾಸ್ ಕೊಡಿ ಅಂತ ಯಾವತ್ತೂ ಕೇಳುವುದಿಲ್ಲ. "ಪಾಲಿಸಿ ಒಳಗೇ ಎರಡು ಮೂರು ಆಯ್ಕೆ ಇದ್ದರೆ ಫೇರ್ ಕ್ಲಾಸ್ ಸಮೇತ ಕಳಿಸಿ ಸರ್" ಅಂತಷ್ಟೇ ಮೇಲ್ ಹಾಕುತ್ತೇನೆ (ಫೇರ್ ಕ್ಲಾಸ್ ಅಂದರೆ ಅದೇ ಅಕ್ಷರ). ಅದರಲ್ಲಿ ಅಪ್‌ಗ್ರೇಡ್ ಆಗುವುದನ್ನು ಆರಿಸಿಕೊಳ್ಳುತ್ತೇನೆ. ಮೈಲ್ಸ್ ನನ್ನದು, ಮೇಲಿನ ತೆರಿಗೆ ನನ್ನ ಕಾರ್ಡಿನಿಂದ, ಕಂಪನಿಗೆ ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ ಮೇಲ್‌ನಲ್ಲೇ ಬರೆದಿಡುತ್ತೇನೆ. ಇದು ಬೇಕು. ಮ್ಯಾನೇಜರ್ ಹಿಂದೆ ಮಧ್ಯದ ಸೀಟಿನಲ್ಲಿ, ನೀವು ಮುಂದೆ ಹೊದ್ದುಕೊಂಡು ಮಲಗಿ ಹೋದರೆ, ಇಳಿದ ಮೇಲೆ ಒಂದು ವಿವರಣೆ ಕೈಯಲ್ಲಿರಬೇಕಲ್ವಾ? ಇನ್ನೊಂದು ಮಾತು. ಗ್ರೂಪ್ ಬುಕಿಂಗ್ ಟಿಕೆಟ್ ಆಗಿದ್ದರೆ ಅಕ್ಷರ ಏನೇ ಇರಲಿ, ಅಪ್‌ಗ್ರೇಡ್ ಆಗುವುದು ಕಷ್ಟ. ಅದನ್ನೂ ಮೊದಲೇ ಕೇಳಿಕೊಳ್ಳುತ್ತೇನೆ.

ಸ್ವಂತ ದುಡ್ಡಿನಲ್ಲಿ ಹೋಗುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಏವಿಯೋಸ್ ಅನ್ನುವ ಮೈಲ್ಸ್. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಫಿನ್ಏರ್, 2022ರಿಂದ ಕತಾರ್ ಏರ್‌ವೇಸ್ ಎಲ್ಲ ಇದನ್ನೇ ಬಳಸುತ್ತವೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತಬಹುದು. ಎಕಾನಮಿಯಿಂದ ಪ್ರೀಮಿಯಂ ಎಕಾನಮಿಗೆ, ಪ್ರೀಮಿಯಂ ಎಕಾನಮಿಯಿಂದ ಬಿಸಿನೆಸ್‌ಗೆ. ಬೆಂಗಳೂರು-ಲಂಡನ್ ವಿಮಾನದಲ್ಲಿ ಎಕಾನಮಿ ಟಿಕೆಟ್ ಹಿಡಿದು ನೇರವಾಗಿ ಹಾಸಿಗೆ ಸೀಟಿಗೆ ಹಾರಲು ಆಗುವುದಿಲ್ಲ. ಅದಕ್ಕೇ ನಾನು ಸೇಲ್ ಬಂದಾಗ ಪ್ರೀಮಿಯಂ ಎಕಾನಮಿ ಕೊಂಡು, ಅಲ್ಲಿಂದ ಮೇಲಕ್ಕೆ ಏವಿಯೋಸ್ ಕೊಡುತ್ತೇನೆ. ಸೇಲ್‌ಗೆ ಕಾಯುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಉಳಿದ ಕ್ಲಾಸುಗಳಿಗೆ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದೆ. ಎಕಾನಮಿಗೆ ಶೇ. 5 ಹಾಗೇ ಇದೆ. ಲಂಡನ್‌ನಿಂದ ವಾಪಸ್ ಬರುವಾಗ ಮತ್ತೊಂದು ಬಾಬತ್ತು: ಬ್ರಿಟನ್ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿ. ಎಕಾನಮಿಗಿಂತ ಮೇಲಿನ ಕ್ಲಾಸುಗಳಿಗೆ ಅದರ ದರವೇ ಜಾಸ್ತಿ. 'ಮೈಲ್ಸ್ ಇದೆ, ಪುಕ್ಕಟೆ' ಅಂದುಕೊಂಡು ಕ್ಲಿಕ್ ಮಾಡಿದವರಿಗೆ ಈ ಸಾಲು ನೋಡಿದಾಗ ಬಿಕ್ಕಳಿಕೆ ಬರುತ್ತದೆ.

ಈಗ ನಮ್ಮ ಕಡೆಯವರಿಗೇ ಇರುವ ಒಂದು ತಲೆನೋವು: ಹೆಸರು. ಊರಿನ ಹೆಸರು ಒಂದು ಇನಿಶಿಯಲ್, ಅಪ್ಪನ ಹೆಸರು ಇನ್ನೊಂದು, ಆಮೇಲೆ ಸ್ವಂತ ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೀತಿ, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಬರೆದದ್ದು, ಪಾಸ್‌ಪೋರ್ಟಿನಲ್ಲಿ ಹಿಂದುಮುಂದು. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರ ಅಮೆರಿಕ ವೀಸಾದಲ್ಲಿ ಗಿವನ್ ನೇಮ್ ಜಾಗಕ್ಕೆ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಅಂತ ಬಂದು ಕೂತಿರುತ್ತದೆ. ಕೆಲವು ಏರ್‌ಲೈನ್‌ನವರು ಒಂದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಮೈಲ್ಸ್ ಖಾತೆಯಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಇದ್ದರೆ ಮೈಲ್ಸ್ ಜಮಾ ಆಗದೇ ಹೋಗಬಹುದು. ಕ್ರೆಡಿಟ್ ಕಾರ್ಡಿನ ಪಾಯಿಂಟ್ಸನ್ನು ಮೈಲ್ಸ್ ಆಗಿ ವರ್ಗ ಮಾಡುವಾಗಲೂ, ಕತಾರ್ ಮತ್ತು ಬ್ರಿಟಿಷ್ ಏರ್‌ವೇಸ್ ಖಾತೆಗಳನ್ನು ಜೋಡಿಸುವಾಗಲೂ ಹೆಸರು ತಾಳೆಯಾಗಬೇಕು. ನಾನು ಎಲ್ಲ ಖಾತೆಗಳನ್ನೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅದೇ ಕ್ರಮದಲ್ಲಿ ತೆರೆದಿದ್ದೇನೆ. ಮನೆಯಲ್ಲಿ ಎಲ್ಲರಿಗೂ ಇದೇ ಕಾನೂನು.

ಟಿಕೆಟ್ ಸರಿ ಇದೆ, ಹೆಸರು ಸರಿ ಇದೆ. ಇನ್ನು ಸೀಟು ಬೇಕಲ್ಲ. ಬಿಸಿನೆಸ್ ಕ್ಲಾಸಿನಲ್ಲಿ ಖಾಲಿ ಸೀಟು ಕಾಣಿಸಿದರೆ ಅದೆಲ್ಲ ಮೈಲ್ಸ್‌ಗೆ ಸಿಗುತ್ತದೆ ಅಂತಲ್ಲ. ದುಡ್ಡಿಗೆ ಮಾರುವ ಸೀಟಿನ ಲೆಕ್ಕ ಬೇರೆ, ಮೈಲ್ಸ್‌ಗೆ ಬಿಡುವ ಸೀಟಿನ ಲೆಕ್ಕ ಬೇರೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಪ್ರಯಾಣಕ್ಕೆ 355 ದಿನ ಇರುವಾಗಲೇ ಮೈಲ್ಸ್ ಸೀಟು ಬಿಡಲು ಶುರುಮಾಡುತ್ತಾರೆ. ಆಮೇಲೆ ನಡುವಿನ ತಿಂಗಳುಗಳಲ್ಲಿ ಬರಗಾಲ. ಹೊರಡುವ ದಿನ ಹತ್ತಿರ ಬಂದಾಗ, ಮಾರಾಟವಾಗದೆ ಉಳಿದದ್ದನ್ನು ಮತ್ತೆ ಬಿಡುವುದುಂಟು. ಅದಕ್ಕೇ ಹೊರಡುವ ಹಿಂದಿನ ಎರಡು ವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ ಆ್ಯಪ್ ತೆರೆದು ನೋಡುತ್ತೇನೆ. ವೇಟ್‌ಲಿಸ್ಟ್ ಇದ್ದರೆ ಹೆಸರು ಹಾಕುತ್ತೇನೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಡಿಸೆಂಬರ್ ಕೊನೆ ಮತ್ತು ಮಕ್ಕಳ ಬೇಸಿಗೆ ರಜೆಯಲ್ಲಿ ಈ ಆಟ ಆಡುವುದೇ ದಂಡ.

ಲೆಕ್ಕ ಹೇಗೆ ಹಾಕುತ್ತೇನೆ ಹೇಳುತ್ತೇನೆ. ಉದಾಹರಣೆಗೆ, ಒಂದು ಕಡೆಯ ಬಿಸಿನೆಸ್ ದರಕ್ಕೂ ನನ್ನ ಟಿಕೆಟ್ ದರಕ್ಕೂ ಒಂದು ಲಕ್ಷ ವ್ಯತ್ಯಾಸ ಅಂದುಕೊಳ್ಳಿ. ಅಪ್‌ಗ್ರೇಡಿಗೆ 60 ಸಾವಿರ ಮೈಲ್ಸ್, ಮೇಲೆ 10 ಸಾವಿರ ತೆರಿಗೆ. ಲಕ್ಷದಲ್ಲಿ ಹತ್ತು ಸಾವಿರ ಕಳೆದು ಭಾಗಿಸಿದರೆ ಒಂದು ಮೈಲಿಗೆ ಒಂದೂವರೆ ರೂಪಾಯಿ. ಎಲ್ಲರೂ ಇಲ್ಲಿಗೇ ನಿಲ್ಲಿಸಿ ಖುಷಿಪಡುತ್ತಾರೆ. ಆದರೆ ನಾನು ಜೇಬಿನಿಂದ ಆ ಒಂದು ಲಕ್ಷ ಯಾವತ್ತಾದರೂ ಕೊಡುತ್ತಿದ್ದೆನಾ? ಇಲ್ಲ. ಒಂದು ರಾತ್ರಿ ಮಲಗಿಕೊಂಡು ಹೋಗಲು ನಾನು ಮನಸಾರೆ ಕೊಡುವುದು ಐವತ್ತು ಸಾವಿರ ಇರಬಹುದು. ಆಗ ಅದೇ ತೆರಿಗೆ ಕಳೆದರೆ ಮೈಲಿಗೆ ಬೀಳುವುದು 67 ಪೈಸೆ. ಎಚ್‌ಡಿಎಫ್‌ಸಿ ಇನ್ಫಿನಿಯಾ ತರಹದ ಕಾರ್ಡಿನ ಪಾಯಿಂಟ್ಟಿಗೆ ಆ ಬ್ಯಾಂಕಿನ ಸ್ಮಾರ್ಟ್‌ಬೈ ವೆಬ್‌ಸೈಟಿನಲ್ಲಿ ವಿಮಾನ ಟಿಕೆಟ್ ತೆಗೆದರೆ ಒಂದು ರೂಪಾಯಿ ಬೆಲೆ ಸಿಗುತ್ತದೆ. 67 ಪೈಸೆಗಾಗಿ ಅದನ್ನು ಮೈಲ್ಸ್ ಮಾಡಿಕೊಳ್ಳುವುದು ಯಾಕೆ? ಹಾರಾಟದಿಂದ ಬಂದು ಏರ್‌ಲೈನ್ ಖಾತೆಯಲ್ಲಿ ಕೂತಿರುವ ಮೈಲ್ಸ್ ಬೇರೆ ಮಾತು, ಅವನ್ನು ಇಲ್ಲೇ ಖರ್ಚು ಮಾಡಬೇಕು. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತವೆ. ಏವಿಯೋಸ್ ಖಾತೆಯಲ್ಲಿ 36 ತಿಂಗಳು ಏನೂ ವಹಿವಾಟು ಇಲ್ಲದಿದ್ದರೆ ಹೋಗುತ್ತವೆ. ಕಾರ್ಡಿನಿಂದ ಏರ್‌ಲೈನ್‌ಗೆ ಕಳಿಸಿದ ಪಾಯಿಂಟ್ಸ್ ಮಾತ್ರ ತವರಿಗೆ ಮರಳದ ಮಗಳಿದ್ದ ಹಾಗೆ, ವಾಪಸ್ ಬರುವುದಿಲ್ಲ. ಮೈಲ್ಸ್ ಸೀಟು ಕಣ್ಣಿಗೆ ಕಾಣುವವರೆಗೆ ನಾನು ಕಳಿಸುವುದಿಲ್ಲ.

ಯಾವ ಕಡೆಗೆ ಅಪ್‌ಗ್ರೇಡ್? ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಬೆಳಿಗ್ಗೆ ಇಳಿದು ನೇರ ಮೀಟಿಂಗಿಗೆ ಹೋಗಬೇಕಾದರೆ ಆ ರಾತ್ರಿಗೆ ಮೈಲ್ಸ್ ಸುರಿಯುವುದು ಸರಿ. ವಾಪಸ್ ಬರುವ ವಿಮಾನ ಮಧ್ಯಾಹ್ನ ಹೊರಟರೆ ನಾನು ಎಕಾನಮಿಯಲ್ಲೇ ಸಿನಿಮಾ ನೋಡಿಕೊಂಡು ಬರುತ್ತೇನೆ. ದುಬೈಗೆ ನಾಲ್ಕು ಗಂಟೆ, ಸಿಂಗಪುರಕ್ಕೆ ನಾಲ್ಕೂವರೆ. ಊಟ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಬೆಲ್ಟ್ ಹಾಕಿ ಅನ್ನುತ್ತಾರೆ. ಅದಕ್ಕೆ ಮೈಲ್ಸ್ ಹಾಕುವುದಿಲ್ಲ. ಇಷ್ಟೆಲ್ಲ ಮಾಡಿ ಏರ್‌ಪೋರ್ಟಿಗೆ ಹೋಗುವುದು ವಾಯುವಜ್ರ ಬಸ್ಸಿನಲ್ಲೇ. ಹೆಂಡತಿ ಇದಕ್ಕೆ ನಗುತ್ತಾಳೆ, ನಗಲಿ.

ಅಪ್ಪ ಅಮ್ಮನ ವಿಷಯದಲ್ಲಿ ನನ್ನ ರೀತಿ ಬೇರೆ. ಅಮೆರಿಕದಲ್ಲಿರುವ ತಂಗಿಯ ಮನೆಗೆ ಅವರು ಹೋಗುವಾಗ ಅಪ್‌ಗ್ರೇಡ್ ಆಗುತ್ತದೋ ಇಲ್ಲವೋ ಅನ್ನುವ ತೂಗುಯ್ಯಾಲೆ ಬೇಡ. ಅಮ್ಮನಿಗೆ ಮೊಣಕಾಲು ನೋವು, ಅಪ್ಪನಿಗೆ ಗಾಬರಿ. ಹಾಗಾಗಿ ಎಕಾನಮಿ ಕೊಂಡು ಮೇಲಕ್ಕೆ ಏರಿಸುವ ಬದಲು, ನೇರವಾಗಿ ಮೈಲ್ಸ್‌ನಲ್ಲೇ ಬಿಸಿನೆಸ್ ಟಿಕೆಟ್ ತೆಗೆಯುತ್ತೇನೆ. ಮೈಲ್ಸ್ ಜಾಸ್ತಿ ಬೇಕು, ಆದರೆ ಅಕ್ಷರದ ತಕರಾರು ಇಲ್ಲ, ಸೀಟು ಮೊದಲ ದಿನವೇ ಖಾತ್ರಿ. ಎರಡು ಸೀಟು ಒಟ್ಟಿಗೆ ಸಿಗುವುದು ಬೇಗ ನೋಡಿದವರಿಗೆ ಮಾತ್ರ. "ಎಷ್ಟಾಯ್ತೋ ಮಗಾ?" ಅಂತ ಅಪ್ಪ ಕೇಳಿದರೆ ತೆರಿಗೆಯ ಮೊತ್ತ ಮಾತ್ರ ಹೇಳುತ್ತೇನೆ. ಕ್ರಿಸ್‌ಫ್ಲೈಯರ್‌ನಲ್ಲಿ ನಮ್ಮ ಮೈಲ್ಸ್ ಬಳಸಬಹುದಾದ ಐದು ಜನರ ಹೆಸರನ್ನು ನಾಮಿನಿ ಪಟ್ಟಿಗೆ ಸೇರಿಸಬಹುದು. ಅಪ್ಪ ಅಮ್ಮನ ಹೆಸರನ್ನು, ಪಾಸ್‌ಪೋರ್ಟಿನ ಕ್ರಮದಲ್ಲಿ, ಟಿಕೆಟ್ ಹುಡುಕಲು ಕೂರುವ ಮೊದಲೇ ಅಲ್ಲಿ ಹಾಕಿಟ್ಟಿದ್ದೇನೆ. ಸೀಟು ಕಂಡ ಮೇಲೆ ಪಾಸ್‌ಪೋರ್ಟ್ ಹುಡುಕಿಕೊಂಡು ಮನೆಯೆಲ್ಲ ಓಡಾಡುವಷ್ಟು ಪುರುಸೊತ್ತು ಆಗ ಇರುವುದಿಲ್ಲ.