ಟೂರಿಂಗ್ ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರ್ ಹಾಕುವ ಮುನ್ನ

ಹೋಂಡಾ ಗೋಲ್ಡ್ ವಿಂಗ್‌ನಂತಹ ಭಾರದ ಬೈಕುಗಳು ಹೆದ್ದಾರಿಯಲ್ಲಿ ನೇರವಾಗಿ ಓಡುವುದೇ ಹೆಚ್ಚಾದ್ದರಿಂದ, ಹಿಂದಿನ ಟೈರಿನ ಅಂಚುಗಳಲ್ಲಿ ರಬ್ಬರ್ ಇನ್ನೂ ಉಳಿದಿರುವಾಗಲೇ ನಡುಭಾಗ ಸವೆದು ಚಪ್ಪಟೆಯಾಗುತ್ತದೆ. ಕಾರಿನ ಟೈರ್ ಹೆಚ್ಚು ಬಾಳುತ್ತದೆ ಎಂಬ ಕಾರಣಕ್ಕೆ ದೂರದ ಸವಾರರು ಕೆಲವರು ಅದನ್ನೇ ಹಾಕಿಸಿಕೊಳ್ಳುತ್ತಾರೆ. ಬೈಕ್ ತಯಾರಕರು ಇದನ್ನು ಒಪ್ಪುವುದಿಲ್ಲವಾದ್ದರಿಂದ ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಸೈಡ್‌ಕಾರ್ ಜೋಡಿಸಿದ ಬೈಕು ತಿರುವಿನಲ್ಲಿ ವಾಲುವುದಿಲ್ಲ, ಆದುದರಿಂದ ಅದಕ್ಕೆ ಕಾರಿನ ಟೈರ್ ಹೊಂದುತ್ತದೆ. ಎರಡೇ ಚಕ್ರದ ಬೈಕಿಗೆ ಮಾತ್ರ ನಾನು ಇದನ್ನು ಸಲಹೆ ಮಾಡಲಾರೆ. ಆದರೂ ನಿರ್ಧರಿಸಿದವರು ಎಚ್ಚರದಿಂದ ಮುಂದುವರಿಯಲಿ. ಮುಂದಿನ ಚಕ್ರಕ್ಕಂತೂ ಯಾವ ಕಾರಣಕ್ಕೂ ಬೇಡ.

ಅಳತೆಯನ್ನು ಲೆಕ್ಕ ಹಾಕಿಯೇ ಆರಿಸಬೇಕು. ಟೈರಿನ ಅಳತೆಯಲ್ಲಿ ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕದ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 180/60 ಆರ್16 ಬೈಕ್ ಟೈರಿನ ಹೊರವ್ಯಾಸ ಸುಮಾರು 622 ಮಿ.ಮೀ., 195/55 ಆರ್16 ಕಾರ್ ಟೈರಿನದು ಸುಮಾರು 621 ಮಿ.ಮೀ.; ವ್ಯಾಸ ಹೀಗೆ ಹತ್ತಿರವಿದ್ದರೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೆಕ್ಕ ತಪ್ಪುವುದಿಲ್ಲ. ಅಗಲ ಹೆಚ್ಚಿರುವುದರಿಂದ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಬ್ರೇಕ್ ಪೈಪ್ ಮತ್ತು ಮಡ್‌ಗಾರ್ಡಿಗೆ ಟೈರ್ ತಾಗುತ್ತದೆಯೇ ಎಂಬುದನ್ನು ಚಕ್ರ ತಿರುಗಿಸಿ ನೋಡಬೇಕು, ಸವಾರ ಮತ್ತು ಸಾಮಾನಿನ ಭಾರಕ್ಕೆ ಸಸ್ಪೆನ್ಶನ್ ಕುಗ್ಗಿದಾಗಲೂ ನೋಡಬೇಕು.

ನಿಜವಾದ ಅಪಾಯ ಇರುವುದು ಬೀಡಿನಲ್ಲಿ, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಒಳ ಅಂಚಿನಲ್ಲಿ. ಎರಡೂ 16 ಇಂಚಿನವೇ ಆದರೂ ಬೈಕ್ ರಿಮ್ಮಿನಲ್ಲಿ ಬೀಡ್ ಕೂರುವ ಜಾಗದ ಆಕಾರ ಕಾರಿನದಕ್ಕಿಂತ ಬೇರೆ. ಹೀಗಾಗಿ ಬೀಡ್ ಸುಲಭವಾಗಿ ಕೂರದೆ ಹಟ ಮಾಡಬಹುದು. ಆಗ ಗಾಳಿ ಏರಿಸುತ್ತಲೇ ಹೋಗುವುದು ಪ್ರಾಣಾಪಾಯಕ್ಕೆ ದಾರಿ. ಬೀಡಿಗೆ ಟೈರ್ ಲೂಬ್ರಿಕೆಂಟ್ ಹಚ್ಚಿ, ಟೈರಿನ ಮೇಲೆ ಅಚ್ಚಾಗಿರುವ ಮಿತಿಯನ್ನು, ಸಾಮಾನ್ಯವಾಗಿ 40 ಪಿಎಸ್‌ಐ, ಮೀರದಂತೆ ಗಾಳಿ ತುಂಬಬೇಕು. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಕೂತ ಮೇಲೆ ರಿಮ್ಮಿನ ಅಂಚಿನ ಪಕ್ಕದಲ್ಲೇ ಟೈರಿನ ಸುತ್ತ ಓಡುವ ತೆಳ್ಳನೆಯ ಗೆರೆಯನ್ನು ಬೆಳಕಿನಲ್ಲಿ ಪರೀಕ್ಷಿಸಿ: ಎರಡೂ ಬದಿಯಲ್ಲಿ, ಸುತ್ತಲೂ, ಗೆರೆ ಮತ್ತು ರಿಮ್ಮಿನ ನಡುವಿನ ಅಂತರ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೂ ಆ ಚಕ್ರವನ್ನು ರಸ್ತೆಗೆ ಇಳಿಸಬಾರದು.

ಗಾಳಿಯ ಒತ್ತಡದ ವಿಷಯದಲ್ಲಿ ಬೇರೊಬ್ಬರ ಅಂಕಿಯನ್ನು ನಕಲು ಮಾಡುವುದು ಸರಿಯಲ್ಲ. ಟೈರಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಗಾಳಿ ಕಡಿಮೆಯಾದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅತಿಯಾಗಿ ಬಾಗಿ ಬಿಸಿಯಾಗುತ್ತದೆ, ಹೆಚ್ಚಾದರೆ ಬೈಕ್ ವಾಲಿದಾಗ ಟೈರ್ ಒಂದೇ ಅಂಚಿನ ಮೇಲೆ ನಿಲ್ಲುತ್ತದೆ.

ಬೈಕ್ ಟೈರಿನ ದುಂಡು ಮೈ ತಿರುವಿಗೆ ತಾನಾಗಿ ಉರುಳುತ್ತದೆ; ಚಪ್ಪಟೆ ಮೈಯ ಕಾರ್ ಟೈರ್ ನೆಟ್ಟಗಾಗಲು ಎಳೆಯುತ್ತದೆ, ಆದ್ದರಿಂದ ತಿರುವು ಮುಗಿಯುವವರೆಗೂ ಹ್ಯಾಂಡಲಿನ ಮೇಲೆ ಒತ್ತು ಉಳಿಸಿಕೊಳ್ಳಬೇಕು. ಉದ್ದುದ್ದ ಸೀಳುಗಳಿರುವ ರಸ್ತೆಯಲ್ಲಿ ಬೈಕ್ ಪಕ್ಕಕ್ಕೆ ಎಳೆಯುವುದೂ ಉಂಟು. ಖಾಲಿ ಜಾಗದಲ್ಲಿ ನಿಧಾನವಾಗಿ ಅಭ್ಯಾಸ ಮಾಡಿ, ಹಿಂಬದಿ ಸವಾರರನ್ನು ಆಮೇಲೆ ಕೂರಿಸಿಕೊಳ್ಳಿ. ಮೊದಲ ಕೆಲವು ನೂರು ಕಿ.ಮೀ. ಓಡಿದ ಬಳಿಕ ಬೀಡಿನ ಗೆರೆಯನ್ನೂ ಸೈಡ್‌ವಾಲನ್ನೂ ಮತ್ತೊಮ್ಮೆ ನೋಡಿ. ತೂಗಾಟ ಕಂಡರೆ ಅಥವಾ ಗಾಳಿ ಪದೇಪದೇ ಇಳಿದರೆ ಆ ಟೈರನ್ನು ಬಿಚ್ಚಿ ಬೈಕಿನದನ್ನೇ ಹಾಕಿಸಿಕೊಳ್ಳಿ.