ಚೌಕಿಯೊಳಗೆ ನನ್ನ ಹಳೆಯ 35

ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕೊನೆಗೂ ಒಂದು ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ750 ಕೊಂಡೆ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ. ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾಕ್ಕೇ ಕೈ ಖಾಲಿಯಾಯಿತು. ಮನೆಯಲ್ಲಿ ಇದ್ದದ್ದು ಹಳೆಯ ಕ್ಯಾಮೆರಾದ ಎರಡು ಡಿಎಕ್ಸ್ ಲೆನ್ಸ್, ಅಂದರೆ ಸಣ್ಣ ಸೆನ್ಸರಿಗೆಂದು ಮಾಡಿದವು: 18-55 ಕಿಟ್ ಲೆನ್ಸ್ ಮತ್ತು 35 ಎಂಎಂ ಎಫ್/1.8. "ಫುಲ್‌ಫ್ರೇಮಿಗೆ ಇವು ಆಗೋದಿಲ್ಲ, ಮಾರಿಬಿಡಿ" ಎಂದರು ಕೆಲವರು. ನಾನು ಮಾರಲಿಲ್ಲ. ಆ ವರ್ಷದ ಯಕ್ಷಗಾನ ಬಯಲಾಟಗಳನ್ನೆಲ್ಲ ಅದೇ 35ರಲ್ಲಿ ತೆಗೆದೆ.

ಡಿಎಕ್ಸ್ ಲೆನ್ಸ್ ಕೂರಿಸಿದರೆ ಡಿ750 ತಾನಾಗಿಯೇ ಚಿತ್ರವನ್ನು ಕತ್ತರಿಸುತ್ತದೆ. 24 ಮೆಗಾಪಿಕ್ಸೆಲ್ ಇದ್ದದ್ದು 3936×2624ಕ್ಕೆ, ಅಂದರೆ ಸುಮಾರು 10ಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಹೊಸ ಕ್ಯಾಮೆರಾ ಯಾಕೆ? ಮೆನುವಿನ 'ಇಮೇಜ್ ಏರಿಯಾ'ಕ್ಕೆ ಹೋಗಿ ಆಟೋ ಡಿಎಕ್ಸ್ ಕ್ರಾಪ್ ಆಫ್ ಮಾಡಿದೆ. ಸುಣ್ಣ ಹೊಡೆದ ಗೋಡೆಗೆ, ಸಂಜೆಯ ಬೋಳು ಆಕಾಶಕ್ಕೆ ಹಿಡಿದು ಬೇರೆಬೇರೆ ಅಳತೆಯ ಕಿಂಡಿ, ಅಂದರೆ ಅಪರ್ಚರ್‌ನಲ್ಲಿ ಕ್ಲಿಕ್ ಮಾಡುತ್ತ ಹೋದೆ.

ಲೆನ್ಸ್ ಸೆನ್ಸರಿನ ಮೇಲೆ ಚೆಲ್ಲುವ ಬೆಳಕು ಒಂದು ವೃತ್ತ; ಮೂಲೆಗಳನ್ನೂ ಮುಚ್ಚಲು ಅದರ ವ್ಯಾಸ ಸೆನ್ಸರಿನ ಕರ್ಣದಷ್ಟಾದರೂ ಇರಬೇಕು. ಡಿಎಕ್ಸ್ ಸೆನ್ಸರಿನ ಕರ್ಣ ಸುಮಾರು 28 ಮಿ.ಮೀ., ಫುಲ್‌ಫ್ರೇಮಿನದು 43. ಕಿಟ್ ಲೆನ್ಸ್ 18 ಎಂಎಂನಲ್ಲಿ ನಡುವೆ ಒಂದು ದುಂಡು ಚಿತ್ರ, ಸುತ್ತ ಕಪ್ಪು ಕೊಟ್ಟಿತು. 35ರ ವೃತ್ತ ಮಾತ್ರ ನಾನೆಣಿಸಿದ್ದಕ್ಕಿಂತ ಎಷ್ಟೋ ದೊಡ್ಡದು, ಮೂಲೆಗಳಷ್ಟೇ ಕಪ್ಪು. ಕಿಂಡಿ ಪೂರ್ತಿ ತೆರೆದ ಎಫ್/1.8ರಲ್ಲಿ ಆ ಕಪ್ಪು ಮೆಲ್ಲಗೆ ಕರಗುತ್ತದೆ, ಕಿಂಡಿ ಕಿರಿದುಮಾಡಿ ಎಫ್/8ಕ್ಕೆ ಹೋದರೆ ಅದರ ಅಂಚು ಗೆರೆ ಎಳೆದಂತೆ ಗಟ್ಟಿಯಾಗುತ್ತದೆ. ಹುಡ್ ಮತ್ತು ದಪ್ಪ ಫಿಲ್ಟರ್ ತೆಗೆದಿಟ್ಟ ಮೇಲೆ ಮೂಲೆಗಳು ಇನ್ನೂ ಸ್ವಲ್ಪ ತೆರೆದುಕೊಂಡವು.

ಇದರ ನಿಜವಾದ ಲಾಭ ಕಂಡದ್ದು ಚೌಕಿಯಲ್ಲಿ. ವೇಷಧಾರಿಗಳು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವ ಆ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಹಳೆಯ ಕ್ಯಾಮೆರಾದ ಸಣ್ಣ ಸೆನ್ಸರಿನಲ್ಲಿ ಇದೇ ಲೆನ್ಸ್ 52 ಎಂಎಂ ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುತ್ತಿತ್ತು: ಮುಖ ಸಿಕ್ಕರೆ ಕನ್ನಡಿ ಸಿಗದು, ಕನ್ನಡಿ ಸಿಕ್ಕರೆ ಬಣ್ಣದ ಪೆಟ್ಟಿಗೆ ಹೊರಗೆ. ಈಗ ಅದೇ ಜಾಗದಲ್ಲಿ ಕೂತು ಮೂರನ್ನೂ ಹಿಡಿದೆ, ಪಕ್ಕದಲ್ಲಿ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ ಹುಡುಗನನ್ನೂ ಸೇರಿಸಿ. ಬಲ್ಬಿನ ಬೆಳಕು ಮುಟ್ಟದ ಮೂಲೆಗಳು ಮೊದಲೇ ಕತ್ತಲು. ಲೆನ್ಸಿನ ಕಪ್ಪು ಅದರಲ್ಲಿ ಬೆರೆತುಹೋಯಿತು.

ರಂಗಸ್ಥಳದಲ್ಲಿ ಹಾಗಾಗಲಿಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶ, ಚೆಂಡೆ ಜೋರಾಗಿದೆ, ಕ್ಯಾಮೆರಾ ಲಂಬವಾಗಿ ಹಿಡಿದು ಸಾಲಾಗಿ ತೆಗೆದೆ. ಮನೆಗೆ ಬಂದು ನೋಡಿದರೆ ಅತ್ಯುತ್ತಮ ಫ್ರೇಮಿನಲ್ಲೇ ಕಿರೀಟದ ಒಂದು ಬದಿ ಮೂಲೆಯ ಕಪ್ಪಿನಲ್ಲಿ ಮುಳುಗಿದೆ. ಕಂಪ್ಯೂಟರಿನಲ್ಲಿ ಮೇಲೆತ್ತಲು ನೋಡಿದೆ. ಐಎಸ್‌ಒ 3200ರ ಚಿತ್ರದ ಮೂಲೆಯನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಿಗೆ ಎತ್ತಿದರೆ ಅಲ್ಲಿ 12800ರಲ್ಲಿ ತೆಗೆದಷ್ಟೇ ಕಾಳುಕಾಳು. ಚಿನ್ನದ ಕುಸುರಿಯೆಲ್ಲ ಕದಡಿಹೋಯಿತು. ಆ ಚಿತ್ರದ ಬಗ್ಗೆ ಇವತ್ತಿಗೂ ನನಗೆ ನೋವಿದೆ.

ಆಮೇಲೆ ಕಣ್ಣಿಗೆ ಬಿದ್ದದ್ದು ಅದೇ ಮೆನುವಿನ 1.2 ಪಟ್ಟು ಕ್ರಾಪ್. ಯಾರೂ ಇದರ ಮಾತೆತ್ತಿದ್ದು ನಾನು ಕೇಳಿಲ್ಲ, ಆದರೆ ಈ ಲೆನ್ಸಿಗೆ ಹೇಳಿ ಮಾಡಿಸಿದ ಹಾಗಿದೆ. ಸೆನ್ಸರಿನ 30×20 ಮಿ.ಮೀ. ಭಾಗ, ಕರ್ಣ 36, ಚಿತ್ರ 5008×3336, ಅಂದರೆ 16 ಮೆಗಾಪಿಕ್ಸೆಲಿಗೂ ಮಿಕ್ಕಿ. ಮೂಲೆಯ ಕಪ್ಪಿನ ಬಹುಪಾಲು ಹೊರಗುಳಿಯುತ್ತದೆ. ವ್ಯೂಫೈಂಡರಿನಲ್ಲಿ ಚೌಕಟ್ಟಿನ ಆಚೆಯೂ ಕಾಣುವುದರಿಂದ ವೇಷ ಒಳಗೆ ಬರುವ ಮೊದಲೇ ಬೆರಳು ಸಿದ್ಧವಾಗಿರುತ್ತದೆ. ಇಡೀ ಚೌಕಟ್ಟಿನ ಬೆಳಕು ಅಳೆಯುವ ಮ್ಯಾಟ್ರಿಕ್ಸ್ ಮೀಟರಿಂಗ್ ಬಿಟ್ಟು ನಡುವಿಗೆ ಹೆಚ್ಚು ಒತ್ತು ಕೊಡುವ ಸೆಂಟರ್-ವೆಯ್ಟೆಡ್‌ಗೆ ಬಂದೆ. ಕ್ಯಾಮೆರಾ ಸುತ್ತಲಿನ ಕತ್ತಲೆಗೆ ಮೋಸಹೋಗಿ ಮುಖದ ಬಣ್ಣ ಬೆಳ್ಳಗಾಗುವುದು ಕಡಿಮೆಯಾಯಿತು.

ಕ್ಯಾನನ್ ಬಳಸುವವರಿಗೆ ಒಂದು ಮಾತು: ಇಎಫ್-ಎಸ್ ಲೆನ್ಸ್‌ಗಳು ಅವರ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಹಿಂಭಾಗ ಒಳಕ್ಕೆ ಚಾಚಿರುವುದರಿಂದ ಕ್ಯಾಮೆರಾದೊಳಗಿನ ಕನ್ನಡಿ ಅದಕ್ಕೆ ಬಡಿಯುವ ಅಪಾಯವಿದೆ, ಬಲವಂತ ಮಾಡಬೇಡಿ.

ರಂಗಸ್ಥಳಕ್ಕೆ ಈಗ ನನ್ನಲ್ಲಿ ಒಂದು ಎಫ್‌ಎಕ್ಸ್ (ಫುಲ್‌ಫ್ರೇಮಿನ) 85 ಎಂಎಂ ಲೆನ್ಸ್ ಇದೆ. ಚೌಕಿಗೆ ಮಾತ್ರ ಆ 35ನ್ನೇ ಒಯ್ಯುತ್ತೇನೆ. 200 ಗ್ರಾಂ ತೂಕ, 30 ಸೆಂ.ಮೀ. ಹತ್ತಿರದವರೆಗೂ ಫೋಕಸ್. ಹುಬ್ಬು ತಿದ್ದುತ್ತ ಕೂತವರ ಕೈಗೆ ತಾಗದ ಹಾಗೆ ಕನ್ನಡಿಯ ಬದಿಯಲ್ಲೇ ಹಿಡಿದು ತೆಗೆಯಬಹುದು.